ಬ್ಯಾಟರಿ ಕೋಣೆಗೆ ಯಜಮಾನರು ಯಾರು?

ಬೆಂಗಳೂರು: ದಕ್ಷಿಣ ಕೊರಿಯಾದ ಡೇಜೊನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದ ಐದನೆಯ ಮಹಡಿಯಲ್ಲಿ 2025ರ ಸೆಪ್ಟೆಂಬರ್ 26ರ ರಾತ್ರಿ ಬೆಂಕಿ ಕಾಣಿಸಿಕೊಂಡಿತು. ಸರ್ವರ್‌ಗಳ ಪಕ್ಕದಲ್ಲೇ ಯುಪಿಎಸ್‌ನ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಇಡುವುದು ಅಪಾಯಕರವೆಂದು ಮನಗಂಡ ಅಲ್ಲಿನ ಆಡಳಿತ, ಅವುಗಳನ್ನು ಕಟ್ಟಡದ ನೆಲಮಾಳಿಗೆಗೆ ಸಾಗಿಸುವ ಕೆಲಸವನ್ನು ಕೈಗೊಂಡಿತ್ತು. ಬೆಂಕಿ ಹೊತ್ತಿಕೊಂಡದ್ದು ಆ ಕೆಲಸ ನಡೆಯುತ್ತಿದ್ದ ವೇಳೆಯಲ್ಲೇ. ಅಪಾಯವನ್ನು ದೂರ ಮಾಡಲು ಹೊರಟವರ ಕೈಯಲ್ಲೇ ಅಪಾಯ ಸ್ಫೋಟಿಸಿತು.

384 ಬ್ಯಾಟರಿ ಪ್ಯಾಕ್‌ಗಳು ಸುಟ್ಟುಹೋದವು. ಬೆಂಕಿಯನ್ನು ಸಂಪೂರ್ಣವಾಗಿ ಆರಿಸಲು ಸುಮಾರು 22 ಗಂಟೆ ಹಿಡಿಯಿತು. ಸ್ಥಗಿತಗೊಂಡ ಸರ್ಕಾರಿ ಸೇವೆಗಳ ಸಂಖ್ಯೆ 647 ಎಂದು ಮೊದಲು ಪ್ರಕಟಿಸಲಾಯಿತು, ಅನಂತರ ಅದನ್ನು 709ಕ್ಕೆ ತಿದ್ದಲಾಯಿತು. ತನ್ನ ಬಳಿ ಎಷ್ಟು ಸೇವೆಗಳಿದ್ದವು ಎಂಬುದೇ ಸಂಸ್ಥೆಗೆ ಆ ಹೊತ್ತಿನಲ್ಲಿ ಖಚಿತವಿರಲಿಲ್ಲ. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿಗೆ ಬೇರೆಡೆ ಪ್ರತಿಯೇ ಇರಲಿಲ್ಲವಾದ್ದರಿಂದ ಅದು ನಾಶವಾಯಿತು. ಸುಟ್ಟ ಬ್ಯಾಟರಿಗಳು ಮತ್ತೆ ಹೊತ್ತಿಕೊಳ್ಳದಿರಲೆಂದು ಅವುಗಳನ್ನು ಕಟ್ಟಡದ ಹೊರಗೆ ನೀರಿನ ತೊಟ್ಟಿಗಳಲ್ಲಿ ಮುಳುಗಿಸಿಡಬೇಕಾಯಿತು. ಆ ಬ್ಯಾಟರಿಗಳನ್ನು ಅಳವಡಿಸಿದ್ದು 2014ರಲ್ಲಿ, ಅವುಗಳ ಹತ್ತು ವರ್ಷಗಳ ಅವಧಿ ಆಗಲೇ ಮುಗಿದಿತ್ತು.

ಇದಕ್ಕೆ ಮೂರು ವರ್ಷ ಮೊದಲು, 2022ರ ಅಕ್ಟೋಬರ್ 15ರಂದು, ಅದೇ ದೇಶದ ಪಾಂಗ್ಯೊ ಎಂಬಲ್ಲಿನ ಖಾಸಗಿ ದತ್ತಾಂಶ ಕೇಂದ್ರದ ನೆಲಮಾಳಿಗೆಯ ಯುಪಿಎಸ್ ಬ್ಯಾಟರಿಗಳಿಗೆ ಬೆಂಕಿ ತಗುಲಿ, ಕೊರಿಯಾದ ಬಹುಪಾಲು ಜನರು ಬಳಸುವ ಕಕಾವ್‌ಟಾಕ್ ಸಂದೇಶ ಸೇವೆ ನಿಂತುಹೋಗಿತ್ತು. ಸುಮಾರು 32 ಸಾವಿರ ಸರ್ವರ್‌ಗಳು ಸ್ಥಗಿತಗೊಂಡವು. ಎಲ್ಲ ಸೇವೆಗಳೂ ಮರಳಲು ಐದು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. ಕಂಪನಿಯ ಮುಖ್ಯಸ್ಥರಲ್ಲೊಬ್ಬರು ರಾಜೀನಾಮೆ ಸಲ್ಲಿಸಿದರು. ಬ್ಯಾಟರಿಗಳನ್ನು ಸರ್ವರ್‌ಗಳಿಂದ ಬೇರ್ಪಡಿಸಬೇಕು ಎಂಬ ಪಾಠವನ್ನು ಕೊರಿಯಾ ಅಂದೇ ಕಲಿತಿತ್ತು. ಬೇರ್ಪಡಿಸುವ ಕೆಲಸವನ್ನು ಹೇಗೆ ಮಾಡಬೇಕು ಎಂಬ ಪಾಠ ಉಳಿದುಹೋಗಿತ್ತು.

ನಮ್ಮಲ್ಲಿ ಬ್ಯಾಟರಿ ಬೆಂಕಿ ಎಂದೊಡನೆ ರಸ್ತೆಬದಿಯಲ್ಲಿ ಉರಿಯುವ ಸ್ಕೂಟರಿನ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಸಹಜ. ಆದರೆ ಕಾರ್ಖಾನೆ, ಉಗ್ರಾಣ, ಆಸ್ಪತ್ರೆ, ಬ್ಯಾಂಕು, ಸಾಫ್ಟ್‌ವೇರ್ ಕಚೇರಿ, ಮೊಬೈಲ್ ಗೋಪುರ ಇವುಗಳೊಳಗೆ ಸದ್ದಿಲ್ಲದೆ ಕುಳಿತಿರುವ ಬ್ಯಾಟರಿಗಳ ಬಗ್ಗೆ ಚರ್ಚೆ ವಿರಳ. ದ್ವಿಚಕ್ರ ವಾಹನವೊಂದರ ಬ್ಯಾಟರಿಯ ಮುಂದೆ ಇವುಗಳ ಗಾತ್ರ ಅನೇಕ ಪಟ್ಟು ದೊಡ್ಡದು. ಇವು ಯಾರ ಹೊಣೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ವಿದ್ಯುತ್ ವಿಭಾಗಕ್ಕೆ ಇದು ಖರೀದಿ ವಿಭಾಗ ತಂದ ಸಾಮಗ್ರಿ. ಖರೀದಿ ವಿಭಾಗಕ್ಕೆ ಇದು ನಿರ್ವಹಣಾ ಗುತ್ತಿಗೆದಾರನ ಕೆಲಸ. ಗುತ್ತಿಗೆದಾರನಿಗೆ ಇದು ಮೂರು ತಿಂಗಳಿಗೊಮ್ಮೆ ವೋಲ್ಟೇಜ್ ಅಳೆದು ಸಹಿ ಹಾಕುವ ಪುಸ್ತಕ. ರಾಸಾಯನಿಕಗಳ ಉಗ್ರಾಣಕ್ಕೆ ಇರುವಂತೆ ಬ್ಯಾಟರಿ ಕೋಣೆಗೆ ಒಬ್ಬ ಯಜಮಾನನಿರುವುದಿಲ್ಲ. ವಾಸ್ತವದಲ್ಲಿ ಬ್ಯಾಟರಿಯೆಂಬುದು ಒಂದು ರಾಸಾಯನಿಕ ಉಗ್ರಾಣವೇ ಆಗಿದೆ.

ಒಳಗೆ ಆಗುವುದೇನು?

ಲಿಥಿಯಂ ಅಯಾನ್ ಸೆಲ್‌ನೊಳಗೆ ಎರಡು ಧ್ರುವಗಳಿವೆ. ಸಾಮಾನ್ಯವಾಗಿ ಒಂದು ಗ್ರಾಫೈಟ್, ಇನ್ನೊಂದು ಲಿಥಿಯಂ ಬೆರೆತ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್. ಇವೆರಡೂ ಪರಸ್ಪರ ತಾಗದಂತೆ ನಡುವೆ ಪ್ಲಾಸ್ಟಿಕ್ಕಿನ ತೆಳುಪೊರೆಯೊಂದನ್ನು ಇಟ್ಟಿರುತ್ತಾರೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇಡೀ ರಚನೆ ಉರಿಯುವ ಗುಣವುಳ್ಳ ದ್ರಾವಣದಲ್ಲಿ ನೆನೆದಿರುತ್ತದೆ. ಜಜ್ಜಿದಾಗ, ಮಿತಿಮೀರಿ ಚಾರ್ಜ್ ಮಾಡಿದಾಗ, ಹೊರಗಿನ ಶಾಖ ತಗುಲಿದಾಗ, ಅಥವಾ ತಯಾರಿಕೆಯಲ್ಲೇ ಲೋಹದ ಕಣವೊಂದು ಒಳಸೇರಿದ್ದರೆ, ಸೆಲ್‌ನ ಉಷ್ಣಾಂಶ ಏರತೊಡಗುತ್ತದೆ. ನೂರು ಡಿಗ್ರಿಯ ಆಸುಪಾಸಿನಲ್ಲಿ ಗ್ರಾಫೈಟಿನ ಮೇಲಿನ ರಕ್ಷಣಾ ಪದರ ಕರಗಿ ತಾನೇ ಶಾಖ ಉತ್ಪಾದಿಸಲು ಆರಂಭಿಸುತ್ತದೆ. ಸುಮಾರು 130 ಡಿಗ್ರಿಯಲ್ಲಿ ಪ್ಲಾಸ್ಟಿಕ್ ಪೊರೆ ಕರಗುತ್ತದೆ. ಮುಂದೆ ಆಕ್ಸೈಡ್ ಒಡೆದು ಆಮ್ಲಜನಕವನ್ನು ಬಿಡುತ್ತದೆ. ಉರಿಯುವ ವಸ್ತು, ಶಾಖ, ಆಮ್ಲಜನಕ ಮೂರೂ ಒಂದೇ ಡಬ್ಬಿಯಲ್ಲಿ ದೊರಕಿದ ಮೇಲೆ ಹೊರಗಿನ ಗಾಳಿಯ ಹಂಗು ಅದಕ್ಕಿಲ್ಲ. ಒಂದು ಸೆಲ್‌ನ ಶಾಖ ಪಕ್ಕದ ಸೆಲ್‌ಗೆ, ಅದರದು ಮತ್ತೊಂದಕ್ಕೆ ದಾಟುತ್ತದೆ. ತಂತ್ರಜ್ಞರು ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ.

ಈ ಕಾರಣದಿಂದಲೇ ಗೋಡೆಗೆ ತೂಗುಹಾಕಿದ ಪುಡಿ ಅಥವಾ ಇಂಗಾಲಾಮ್ಲದ ಸಿಲಿಂಡರು ಇಂಥ ಬೆಂಕಿಯ ಮುಂದೆ ಸೋಲುತ್ತದೆ. ಜ್ವಾಲೆ ಅಡಗಬಹುದು, ಒಳಗಿನ ಶಾಖ ಅಡಗುವುದಿಲ್ಲ. ಶಾಖವನ್ನು ಹೀರಿಕೊಳ್ಳಲು ಬೇಕಾದದ್ದು ಹೇರಳವಾದ ನೀರು, ಅದೂ ಬಹಳ ಹೊತ್ತು. ವಿದ್ಯುತ್ ಉಪಕರಣಕ್ಕೆ ನೀರು ಹಾಕಬಾರದೆಂದು ಕಾರ್ಮಿಕರಿಗೆ ದಶಕಗಳಿಂದ ಹೇಳಿಕೊಟ್ಟಿದ್ದೇವೆ. ಈಗ ಬೇರೆ ಮಾತು ಹೇಳಬೇಕಾಗಿದೆ: ಲಿಥಿಯಂ ಬ್ಯಾಟರಿಯ ರ‍್ಯಾಕ್ ಹೊತ್ತಿಕೊಂಡರೆ ನೀವು ಆರಿಸಲು ನಿಲ್ಲಬೇಡಿ, ಹೊರಗೆ ಹೋಗಿ, ನೀರು ಹಾಯಿಸುವ ಕೆಲಸವನ್ನು ತರಬೇತಿ ಪಡೆದ ಅಗ್ನಿಶಾಮಕ ದಳಕ್ಕೆ ಬಿಡಿ. ಹಳೆಯ ಅಭ್ಯಾಸವನ್ನು ಮರೆಸುವುದು ಹೊಸದನ್ನು ಕಲಿಸುವುದಕ್ಕಿಂತ ಕಠಿಣ.

ಅರಿಜೋನಾದಲ್ಲಿ ಬಾಗಿಲು ತೆರೆದಾಗ

ಬ್ಯಾಟರಿ ಅಪಾಯವೆಂದರೆ ಬೆಂಕಿ ಮಾತ್ರ ಎಂಬ ತಿಳಿವಳಿಕೆ ತಪ್ಪು. ಅಮೆರಿಕದ ಅರಿಜೋನಾ ರಾಜ್ಯದ ಸರ್‌ಪ್ರೈಸ್ ಎಂಬ ಊರಿನಲ್ಲಿ ವಿದ್ಯುತ್ ಕಂಪನಿಯೊಂದು 2 ಮೆಗಾವ್ಯಾಟ್ ಸಾಮರ್ಥ್ಯದ ಬ್ಯಾಟರಿಗಳನ್ನು ಕಂಟೇನರಿನಂಥ ಕಟ್ಟಡವೊಂದರಲ್ಲಿ ಇರಿಸಿತ್ತು. 2019ರ ಏಪ್ರಿಲ್ 19ರ ಸಂಜೆ ಅಲ್ಲಿಂದ ಹೊಗೆ ಬರುತ್ತಿರುವುದು ಕಂಡುಬಂತು. ಬೆಂಕಿ ನಂದಿಸುವ ಅನಿಲ ವ್ಯವಸ್ಥೆ ತಾನಾಗಿಯೇ ಕೆಲಸ ಮಾಡಿತ್ತು. ಅಗ್ನಿಶಾಮಕ ಸಿಬ್ಬಂದಿ ಬಂದು, ಅನಿಲದ ಪ್ರಮಾಣ ಅಳೆದು, ಕಾದು, ರಾತ್ರಿ ಎಂಟರ ಸುಮಾರಿಗೆ ಬಾಗಿಲು ತೆರೆದರು. ಕೆಲವೇ ನಿಮಿಷಗಳಲ್ಲಿ ಇಡೀ ಕಟ್ಟಡ ಸ್ಫೋಟಿಸಿತು. ನಾಲ್ವರು ಸಿಬ್ಬಂದಿ ತೀವ್ರವಾಗಿ ಗಾಯಗೊಂಡರು.

ಕಂಪನಿಯ ಪರವಾಗಿ ಡಿಎನ್‌ವಿ ಜಿಎಲ್ ಸಂಸ್ಥೆ ನಡೆಸಿದ ತನಿಖೆಯ ವರದಿ 2020ರ ಜುಲೈನಲ್ಲಿ ಹೊರಬಂತು. ಒಂದು ಸೆಲ್‌ನೊಳಗಿನ ದೋಷದಿಂದ ಆರಂಭವಾದ ಶಾಖ ಒಂದು ಇಡೀ ರ‍್ಯಾಕ್ ಅನ್ನು ಆವರಿಸಿತೆಂದು ಅದು ತೀರ್ಮಾನಿಸಿತು. ಸೆಲ್ ತಯಾರಿಸಿದ ಕಂಪನಿ ಈ ಮೂಲಕಾರಣವನ್ನು ಒಪ್ಪಲಿಲ್ಲ. ಕಾರಣದ ಬಗ್ಗೆ ವಾದ ಏನೇ ಇರಲಿ, ಸ್ಫೋಟ ಹೇಗಾಯಿತೆಂಬುದು ಸ್ಪಷ್ಟ. ಕಾದ ಸೆಲ್‌ಗಳು ಜಲಜನಕ, ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಮುಂತಾದ ಅನಿಲಗಳನ್ನು ಉಗುಳುತ್ತವೆ. ಜ್ವಾಲೆ ಇದ್ದಿದ್ದರೆ ಅವು ಅಲ್ಲಲ್ಲೇ ಉರಿದುಹೋಗುತ್ತಿದ್ದವು. ನಂದಿಸುವ ವ್ಯವಸ್ಥೆ ಜ್ವಾಲೆಯನ್ನು ತಡೆಯಿತಾದರೂ ಅನಿಲ ಹೊರಹೊಮ್ಮುವುದನ್ನು ತಡೆಯಲಿಲ್ಲ. ಅನಿಲ ಹೊರಗೆ ಹೋಗಲು ಕಿಂಡಿಯಿರಲಿಲ್ಲ, ಸ್ಫೋಟದ ಒತ್ತಡ ಮೇಲ್ಮುಖವಾಗಿ ಪಾರಾಗಲು ದಾರಿಯೂ ಇರಲಿಲ್ಲ. ಬಾಗಿಲು ತೆರೆದೊಡನೆ ಗಾಳಿ ಒಳನುಗ್ಗಿತು.

ಈ ಘಟನೆಯ ನಂತರ ಅಮೆರಿಕದಲ್ಲಿ ಯೋಚನೆಯ ದಿಕ್ಕು ಬದಲಾಯಿತು. ಇಂಥ ಸ್ಥಾವರಗಳಿಗೆ ಎನ್‌ಎಫ್‌ಪಿಎ 855 ಎಂಬ ಮಾನದಂಡದ ಮೊದಲ ಆವೃತ್ತಿ ಸಿದ್ಧವಾಯಿತು. ಒಂದು ಸೆಲ್ ಅನ್ನು ಬೇಕೆಂದೇ ಕೆಡಿಸಿ, ಬೆಂಕಿ ಎಷ್ಟು ದೂರ ಹರಡುತ್ತದೆ, ಎಂಥ ಅನಿಲ ಎಷ್ಟು ಬರುತ್ತದೆ ಎಂದು ಅಳೆಯುವ ಯುಎಲ್ 9540ಎ ಪರೀಕ್ಷೆಗೆ ಮಹತ್ವ ಬಂತು. ಬ್ಯಾಟರಿ ಕೆಡುವುದೇ ಇಲ್ಲವೆಂದು ನಂಬುವ ಬದಲು, ಕೆಟ್ಟರೆ ಏನಾಗುತ್ತದೆ ಎಂದು ಮೊದಲೇ ಕೇಳುವ ಪರಿಪಾಠ ಇದು. ಅನಿಲ ಪತ್ತೆ ಯಂತ್ರ, ನಿಷ್ಕಾಸ ಫ್ಯಾನು, ಒತ್ತಡ ಬಿಡುವ ಮೇಲ್ಛಾವಣಿ ಇವೆಲ್ಲ ಈಗ ಮೂಲ ವಿನ್ಯಾಸದಲ್ಲೇ ಸೇರುತ್ತಿವೆ.

ಹಾಗೆಂದು ಅಮೆರಿಕ ಎಲ್ಲವನ್ನೂ ಸರಿಪಡಿಸಿಕೊಂಡಿತೆಂದು ಭಾವಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 300 ಮೆಗಾವ್ಯಾಟ್ ಬ್ಯಾಟರಿ ಸ್ಥಾವರವನ್ನು ಹಳೆಯ ವಿದ್ಯುದಾಗಾರದ ಟರ್ಬೈನ್ ಕಟ್ಟಡದೊಳಗೇ ಒತ್ತೊತ್ತಾಗಿ ನಿರ್ಮಿಸಲಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬೆಂಕಿಯೇ ಇಲ್ಲದಿದ್ದರೂ ನೀರಿನ ವ್ಯವಸ್ಥೆ ಚಾಲೂ ಆಗಿ, ಸಡಿಲ ಜೋಡಣೆಗಳಿಂದ ನೀರು ಸೋರಿ ಬ್ಯಾಟರಿಗಳು ಕೆಟ್ಟಿದ್ದವು. 2025ರ ಜನವರಿ 16ರಂದು ನಿಜವಾದ ಬೆಂಕಿ ಬಂತು. ಸುಮಾರು 1,200 ಮಂದಿ ಮನೆ ಬಿಟ್ಟು ತೆರಳಬೇಕಾಯಿತು, ಹೆದ್ದಾರಿಯನ್ನು ಮುಚ್ಚಲಾಯಿತು. ಆರಿತೆಂದುಕೊಂಡ ಮೇಲೂ ಫೆಬ್ರುವರಿ 18ರಂದು ಅದೇ ಕಟ್ಟಡದಲ್ಲಿ ಬೆಂಕಿ ಮತ್ತೆ ಕಾಣಿಸಿಕೊಂಡಿತು. ಪ್ರತ್ಯೇಕ ಕಂಟೇನರುಗಳಲ್ಲಿ, ನಡುವೆ ಅಂತರ ಬಿಟ್ಟು ಇಟ್ಟಿದ್ದರೆ ಒಂದು ಕಂಟೇನರಿನೊಂದಿಗೆ ಮುಗಿಯಬಹುದಾಗಿದ್ದ ನಷ್ಟವಿದು.

ಇನ್ನೊಂದು ಮುಖವನ್ನೂ ಹೇಳಬೇಕು. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ ಮತ್ತು ಸಹಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥಾಪಿತ ಸಾಮರ್ಥ್ಯಕ್ಕೆ ಹೋಲಿಸಿದಾಗ ದೊಡ್ಡ ಬ್ಯಾಟರಿ ಸ್ಥಾವರಗಳಲ್ಲಿನ ಅವಘಡಗಳ ಪ್ರಮಾಣ 2018ರಿಂದ 2023ರ ನಡುವೆ ಶೇ 97ರಷ್ಟು ಇಳಿದಿದೆ. ಅದೇ ಅಧ್ಯಯನದ ಮತ್ತೊಂದು ಅಂಶ ನಮ್ಮ ಕಾರ್ಖಾನೆಗಳಿಗೆ ಹೆಚ್ಚು ಮುಖ್ಯವಾದದ್ದು. ಅವಘಡಗಳಿಗೆ ಸೆಲ್‌ನ ದೋಷವೇ ಪ್ರಧಾನ ಕಾರಣವಾಗಿರಲಿಲ್ಲ. ಜೋಡಣೆ, ಅಳವಡಿಕೆ, ನಿಯಂತ್ರಣ ವ್ಯವಸ್ಥೆ, ತಂಪುಗೊಳಿಸುವ ಉಪಕರಣ ಇಂಥವುಗಳಲ್ಲೇ ಹೆಚ್ಚಿನ ಲೋಪಗಳು ಕಂಡುಬಂದಿವೆ. ಅಂದರೆ ಉತ್ತಮ ಕಂಪನಿಯ ಬ್ಯಾಟರಿ ಕೊಂಡೆವು, ಇನ್ನು ಚಿಂತೆಯಿಲ್ಲ ಎನ್ನುವಂತಿಲ್ಲ.

ಆರದ ಸ್ವಿಚ್ಚು

ಡೇಜೊನ್‌ನ ಪ್ರಕರಣಕ್ಕೆ ಮರಳೋಣ. ಬ್ಯಾಟರಿಯನ್ನು ಬಿಚ್ಚುವ, ಸಾಗಿಸುವ, ಬದಲಿಸುವ ಗಳಿಗೆ ಅತ್ಯಂತ ಅಪಾಯಕರವೇಕೆ? ಬೇರೆ ಬಹುತೇಕ ವಿದ್ಯುತ್ ಉಪಕರಣಗಳಲ್ಲಿ ಮೂಲ ಸ್ವಿಚ್ ಆರಿಸಿ ಬೀಗ ಹಾಕಿದರೆ ಉಪಕರಣ ನಿರ್ಜೀವವಾಗುತ್ತದೆ. ಬ್ಯಾಟರಿಯಲ್ಲಿ ಹಾಗಲ್ಲ. ಸ್ವಿಚ್ಚಿನಿಂದ ಆಚೆಯ ತಂತಿ ಸತ್ತರೂ ಈಚೆಯ ಧ್ರುವಗಳು ಜೀವಂತವಾಗಿರುತ್ತವೆ. ದೊಡ್ಡ ಯುಪಿಎಸ್‌ಗಳಲ್ಲಿ ಹತ್ತಾರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ನೂರಾರು ವೋಲ್ಟ್ ಪಡೆಯುತ್ತಾರೆ. ಅದೂ ನೇರ ವಿದ್ಯುತ್. ನಮ್ಮ ಗೋಡೆಯ ಪ್ಲಗ್ಗಿನ ಪರ್ಯಾಯ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಶೂನ್ಯವನ್ನು ಮುಟ್ಟುವುದರಿಂದ ಕಿಡಿ ತಾನಾಗಿ ಕಡಿಯುವ ಸಾಧ್ಯತೆ ಇರುತ್ತದೆ. ನೇರ ವಿದ್ಯುತ್ತಿನ ಕಿಡಿಗೆ ಆ ಬಿಡುವಿಲ್ಲ. ಒಮ್ಮೆ ಹೊತ್ತಿದರೆ ಲೋಹವನ್ನೇ ಕರಗಿಸುತ್ತ ಉರಿಯುತ್ತದೆ. ಜಾರಿಬಿದ್ದ ಒಂದು ಸ್ಪ್ಯಾನರ್, ಟೇಪ್ ಸುತ್ತದೆ ಬಿಟ್ಟ ಒಂದು ಕೇಬಲ್ ತುದಿ ಸಾಕು.

ಆದ್ದರಿಂದ ಸಾಗಿಸುವ ಮೊದಲು ಬ್ಯಾಟರಿಯ ಚಾರ್ಜನ್ನು ಸಾಧ್ಯವಾದಷ್ಟು ಇಳಿಸುವುದು, ಸಾಲನ್ನು ಸಣ್ಣ ತುಂಡುಗಳಾಗಿ ಬೇರ್ಪಡಿಸಿ ವೋಲ್ಟೇಜ್ ತಗ್ಗಿಸುವುದು, ಬಿಚ್ಚಿದ ಪ್ರತಿಯೊಂದು ತುದಿಗೂ ಆಗಲೇ ನಿರೋಧಕ ಟೊಪ್ಪಿ ಹಾಕುವುದು, ಹಿಡಿಕೆಗೆ ನಿರೋಧಕವಿರುವ ಸಲಕರಣೆಗಳನ್ನೇ ಬಳಸುವುದು ಅನಿವಾರ್ಯ. ವಿಮಾನಯಾನ ಕ್ಷೇತ್ರ ಇದನ್ನು ಬಹಳ ಮೊದಲೇ ಅರಿತಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ, ಪ್ರತ್ಯೇಕವಾಗಿ ರವಾನಿಸುವ ಲಿಥಿಯಂ ಅಯಾನ್ ಬ್ಯಾಟರಿಗಳ ಚಾರ್ಜ್ 2016ರ ಏಪ್ರಿಲ್‌ನಿಂದ ಶೇ 30ನ್ನು ಮೀರುವಂತಿಲ್ಲ. ತುಂಬಿದ ಬ್ಯಾಟರಿಗಿಂತ ಅರೆಬರೆ ತುಂಬಿದ್ದು ಕೆಟ್ಟಾಗ ಕಡಿಮೆ ಉಗ್ರವಾಗಿ ವರ್ತಿಸುತ್ತದೆ ಎಂಬುದೇ ಇದರ ತರ್ಕ. ಆಕಾಶದಲ್ಲಿ ಕಡ್ಡಾಯವಾದ ಈ ಸರಳ ಎಚ್ಚರ ನೆಲದ ಮೇಲಿನ ಉಗ್ರಾಣಗಳಿಗೆ ಏಕೆ ಬೇಡ?

ಕೆಟ್ಟುಹೋದ ಬ್ಯಾಟರಿ ಎಂದರೆ ಶಕ್ತಿ ಮುಗಿದ ಬ್ಯಾಟರಿ ಎಂಬ ಭ್ರಮೆ ಇನ್ನೊಂದು. ನಮ್ಮ ಕಾರ್ಖಾನೆಗಳ ಹಿಂಬದಿಯ ಗುಜರಿ ರಾಶಿಯಲ್ಲಿ ಉಬ್ಬಿದ, ಜಜ್ಜಿದ ಪ್ಯಾಕ್‌ಗಳು ಹರಿದ ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲೇ ಬಿದ್ದಿರುವುದು ಅಪರೂಪದ ದೃಶ್ಯವಲ್ಲ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಹೊರಿಸಿವೆ. ಒಳ್ಳೆಯದೇ. ಆದರೆ ಉಬ್ಬಿದ ಪ್ಯಾಕ್ ಗುತ್ತಿಗೆದಾರನ ಲಾರಿ ಬರುವ ತನಕ ಎಲ್ಲಿರಬೇಕು ಎಂದು ನಿರ್ಧರಿಸಬೇಕಾದವರು ಕಾರ್ಖಾನೆಯವರೇ.

ಹಳೆಯ ಸೀಸದ ಬ್ಯಾಟರಿ

ಲಿಥಿಯಂನ ಗದ್ದಲದಲ್ಲಿ ಸೀಸ-ಆಮ್ಲ ಬ್ಯಾಟರಿಯನ್ನು ಮರೆಯುವಂತಿಲ್ಲ. ಇನ್ವರ್ಟರು, ಜನರೇಟರಿನ ಸ್ಟಾರ್ಟರು, ಬಹಳಷ್ಟು ಫೋರ್ಕ್‌ಲಿಫ್ಟುಗಳು ಇಂದಿಗೂ ಅದರ ಮೇಲೆಯೇ ನಡೆಯುತ್ತಿವೆ. ನೂರು ವರ್ಷಗಳಿಗೂ ಹೆಚ್ಚಿನ ಪರಿಚಯವಿರುವುದರಿಂದ ಅದರ ಭಯ ನಮಗಿಲ್ಲ. ಆದರೆ ಚಾರ್ಜಿಂಗಿನ ಕೊನೆಯ ಹಂತದಲ್ಲಿ, ವಿಶೇಷವಾಗಿ ಮಿತಿಮೀರಿ ಚಾರ್ಜ್ ಆದಾಗ, ಅದರೊಳಗಿನ ನೀರು ಒಡೆದು ಜಲಜನಕವೂ ಆಮ್ಲಜನಕವೂ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕ ಶೇ 4ನ್ನು ತಲುಪಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗುರವಾದ್ದರಿಂದ ಸೂರಿನಡಿಯ ಮೂಲೆಗಳಲ್ಲಿ ಸೇರಿಕೊಳ್ಳುತ್ತದೆ. ಚಾರ್ಜಿಂಗ್ ಕೋಣೆಯ ಕಿಟಕಿ ಎದೆಮಟ್ಟದಲ್ಲಿದ್ದು, ಮೇಲ್ಛಾವಣಿಯಲ್ಲಿ ಕಿಂಡಿಯಿಲ್ಲದಿದ್ದರೆ ಗಾಳಿ ಆಡುತ್ತಿದೆ ಎಂಬ ನಂಬಿಕೆ ಹುಸಿ.

ಫೋರ್ಕ್‌ಲಿಫ್ಟಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವವನ ಕಣ್ಣಿಗೆ ಕನ್ನಡಕವಿದೆಯೇ, ಗಂಧಕಾಮ್ಲ ಸಿಡಿದರೆ ತೊಳೆದುಕೊಳ್ಳಲು ಕೈಗೆಟುಕುವಷ್ಟು ಹತ್ತಿರದಲ್ಲಿ ನಲ್ಲಿಯಿದೆಯೇ, ಚಾರ್ಜರ್ ಆರಿಸದೆ ಕ್ಲಿಪ್ ಕೀಳುವ ಅಭ್ಯಾಸವಿದೆಯೇ ಎಂಬಷ್ಟನ್ನು ನೋಡಿದರೆ ಆ ಕಾರ್ಖಾನೆಯ ಸುರಕ್ಷತೆಯ ಸ್ಥಿತಿ ಅರ್ಧದಷ್ಟು ತಿಳಿದುಬಿಡುತ್ತದೆ. ಮುಚ್ಚಿದ ಮಾದರಿಯ ಸೀಸದ ಬ್ಯಾಟರಿಗೆ ನೀರು ತುಂಬಬೇಕಿಲ್ಲ. ಹಾಗೆಂದು ಅದು ನಿರುಪದ್ರವಿಯಲ್ಲ. ವಯಸ್ಸಾದ ಮೇಲೆ ಬಿಸಿ ಕೋಣೆಯಲ್ಲಿ ಸತತ ಚಾರ್ಜಿನಲ್ಲಿಟ್ಟರೆ ಅದೂ ಹತೋಟಿ ತಪ್ಪಿ ಉಬ್ಬುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬಿಡುತ್ತದೆ. ಹವಾನಿಯಂತ್ರಣದ ಖರ್ಚು ಉಳಿಸಲು ಬ್ಯಾಟರಿ ಕೋಣೆಯ ಎಸಿಯನ್ನೇ ಮೊದಲು ಆರಿಸುವ ಕಚೇರಿಗಳು ಇದನ್ನು ಗಮನಿಸಬೇಕು.

ಈಗ ಉಗ್ರಾಣಗಳು ಸೀಸದಿಂದ ಲಿಥಿಯಂಗೆ ಬದಲಾಗುತ್ತಿವೆ. ಬೇಗ ಚಾರ್ಜ್ ಆಗುತ್ತದೆ, ನೀರು ಹಾಕುವ ಗೋಜಿಲ್ಲ, ಜಲಜನಕದ ಭಯವಿಲ್ಲ. ಇವೆಲ್ಲ ನಿಜವೇ. ಆದರೆ ಹಳೆಯ ಚಾರ್ಜರನ್ನೇ ಹೊಸ ಬ್ಯಾಟರಿಗೆ ಸಿಕ್ಕಿಸುವುದು, ಪ್ರತ್ಯೇಕ ಚಾರ್ಜಿಂಗ್ ಕೋಣೆ ಇನ್ನು ಬೇಡವೆಂದು ಸರಕಿನ ಸಾಲುಗಳ ನಡುವೆಯೇ ಚಾರ್ಜಿಂಗ್ ಪಾಯಿಂಟ್ ಹಾಕುವುದು ಈ ಬದಲಾವಣೆಯ ಜತೆಗೇ ಬರುವ ಪ್ರಮಾದಗಳು. ಲಿಥಿಯಂ ಐರನ್ ಫಾಸ್ಫೇಟ್ ಮಾದರಿ ಇತರ ಲಿಥಿಯಂ ಬ್ಯಾಟರಿಗಳಿಗಿಂತ ಹೆಚ್ಚು ಸ್ಥಿರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮಾರಾಟಗಾರರು ಹೇಳುವಂತೆ ಅದು ಕೆಡುವುದೇ ಇಲ್ಲವೆಂಬುದು ಸುಳ್ಳು. ಕೆಟ್ಟಾಗ ಜ್ವಾಲೆ ಕಡಿಮೆ ಇರಬಹುದು, ಜಲಜನಕ ಬೆರೆತ ಅನಿಲ ಬಂದೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಅರ್ಥವೇನೆಂದು ಅರಿಜೋನಾದ ಘಟನೆ ಹೇಳಿದೆ.

ಮೆಟ್ಟಿಲ ಬುಡದ ಬೆಂಕಿ

ಹೈದರಾಬಾದಿನ ಅವಳಿನಗರ ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರ ರಾತ್ರಿ ವಿದ್ಯುತ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಮೇಲಿನ ಮಹಡಿಗಳಲ್ಲಿ ವಸತಿಗೃಹವಿತ್ತು. ದಟ್ಟ ಹೊಗೆ ಮೆಟ್ಟಿಲುಗಳ ಮೂಲಕ ಮೇಲೇರಿತು. ಎಂಟು ಮಂದಿ ಮೃತಪಟ್ಟರು. ಬೆಂಗಳೂರಿನ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ 2024ರ ನವೆಂಬರ್ 19ರಂದು ಕಾಣಿಸಿಕೊಂಡ ಬೆಂಕಿಯಲ್ಲಿ ಇಪ್ಪತ್ತರ ಹರೆಯದ ಮಹಿಳಾ ಉದ್ಯೋಗಿ ಪ್ರಾಣ ಕಳೆದುಕೊಂಡರು. ಎರಡೂ ಪ್ರಕರಣಗಳಲ್ಲಿ ಸತ್ತವರ ಪೈಕಿ ಯಾರೂ ಸವಾರರಲ್ಲ. ಒಬ್ಬರು ಕೆಲಸಕ್ಕೆ ಬಂದವರು, ಉಳಿದವರು ಮೇಲಿನ ಕೋಣೆಗಳಲ್ಲಿ ತಂಗಿದವರು.

ಸ್ಕೂಟರುಗಳಿಗೆ ಸರಣಿಯಾಗಿ ಬೆಂಕಿ ಹತ್ತಿದ 2022ರ ಬೇಸಿಗೆಯ ನಂತರ ಕೇಂದ್ರ ಸರ್ಕಾರ ತಜ್ಞರ ಸಮಿತಿ ನೇಮಿಸಿ, ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಿತು. 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಂದು ಎರಡು ಹಂತಗಳಲ್ಲಿ ಅದು ಜಾರಿಯಾಯಿತು. ಸೆಲ್‌ಗಳ ನಡುವಿನ ಅಂತರ, ನೀರು ನುಗ್ಗದ ಕವಚ, ಶಾಖ ಹರಡಿದರೆ ಎಚ್ಚರಿಸುವ ವ್ಯವಸ್ಥೆ ಇವೆಲ್ಲ ಕಡ್ಡಾಯವಾದವು. ಅಂದರೆ ವಾಹನದೊಳಗಿನ ಬ್ಯಾಟರಿಗೆ ಸ್ಪಷ್ಟ ನಿಯಮವಿದೆ. ಅಂಥ ಐವತ್ತು ವಾಹನಗಳನ್ನು ಒಂದೇ ನೆಲಮಾಳಿಗೆಯಲ್ಲಿ ನಿಲ್ಲಿಸಿ, ಏಕಕಾಲಕ್ಕೆ ಚಾರ್ಜಿಗೆ ಹಾಕಿ, ಹೊರಹೋಗುವ ಒಂದೇ ದಾರಿಯನ್ನು ಅವುಗಳ ಪಕ್ಕದಲ್ಲೇ ಇಟ್ಟುಕೊಂಡಿರುವ ಕಟ್ಟಡಕ್ಕೆ ಅಷ್ಟೇ ಸ್ಪಷ್ಟವಾದ ನಿಯಮ ನಮ್ಮಲ್ಲಿ ಕಾಣುವುದಿಲ್ಲ.

2017ರಲ್ಲೇ ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹ ನೀತಿಯನ್ನು ಪ್ರಕಟಿಸಿ ಕರ್ನಾಟಕ ದೇಶದ ಇತರ ರಾಜ್ಯಗಳಿಗಿಂತ ಮುಂದೆ ನಿಂತಿತು. ದೇವನಹಳ್ಳಿ ಬಳಿ ಎಕ್ಸೈಡ್‌ನ ಲಿಥಿಯಂ ಸೆಲ್ ಕಾರ್ಖಾನೆ ತಲೆಯೆತ್ತಿದೆ. ಪೀಣ್ಯದಿಂದ ಬೊಮ್ಮಸಂದ್ರದ ತನಕ ಪ್ಯಾಕ್ ಜೋಡಿಸುವ, ದುರಸ್ತಿ ಮಾಡುವ ಸಣ್ಣ ಘಟಕಗಳಿಗೆ ಅವಕಾಶ ತೆರೆದಿದೆ. ಹೂಡಿಕೆಯ ಉತ್ಸಾಹದಷ್ಟೇ ತಪಾಸಣೆಯ ಉತ್ಸಾಹವೂ ಇದೆಯೇ ಎಂಬುದು ಪ್ರಶ್ನೆ. ದೊಡ್ಡ ಕಾರ್ಖಾನೆಗಳ ಬಗ್ಗೆ ಅಷ್ಟೊಂದು ಆತಂಕ ಬೇಡ. ಅವುಗಳಿಗೆ ವಿದೇಶಿ ಪಾಲುದಾರರ, ವಿಮಾ ಕಂಪನಿಗಳ ಕಣ್ಗಾವಲಿರುತ್ತದೆ. ಚಿಂತೆಯಿರುವುದು ಹನ್ನೆರಡು ಹದಿನೈದು ಜನ ದುಡಿಯುವ ಶೆಡ್ಡುಗಳ ಬಗ್ಗೆ.

ಇಲ್ಲಿ ಕಾನೂನಿನ ಬದಲಾವಣೆಯೊಂದನ್ನು ಗಮನಿಸಬೇಕು. 1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕದಲ್ಲಿ ಹತ್ತು ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎಂದು ಹಳೆಯ ಕಾಯ್ದೆ ಹೇಳುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತು. ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾದ ಮಿತಿಯನ್ನು ಸಾವಿರ ಕಾರ್ಮಿಕರಿಂದ ಐನೂರಕ್ಕೆ, ಅಪಾಯಕಾರಿ ಪ್ರಕ್ರಿಯೆಗಳಿರುವಲ್ಲಿ ಇನ್ನೂರೈವತ್ತಕ್ಕೆ ಇಳಿಸಿರುವುದು ಸ್ವಾಗತಾರ್ಹ. ಹತ್ತು ಮಂದಿಯಿರುವ ಸಂಸ್ಥೆಗಳಿಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ಎಂಬುದೂ ನಿಜ. ಆದರೆ ಹದಿನೈದು ಜನರ ಬ್ಯಾಟರಿ ದುರಸ್ತಿ ಶೆಡ್ಡು 'ಕಾರ್ಖಾನೆ' ಎಂಬ ವ್ಯಾಖ್ಯೆಯಿಂದಲೇ ಹೊರಗುಳಿಯುತ್ತದೆ. ಅಪಾಯವನ್ನು ತಲೆ ಎಣಿಸಿ ಅಳೆಯುವ ಪದ್ಧತಿ ಬ್ಯಾಟರಿಗೆ ಹೊಂದುವುದಿಲ್ಲ. ಕಾರ್ಮಿಕರೆಷ್ಟು ಎಂಬುದರ ಜತೆಗೆ ಕಟ್ಟಡದೊಳಗೆ ಎಷ್ಟು ಕಿಲೋವ್ಯಾಟ್ ಅವರ್ ಸಂಗ್ರಹವಿದೆ ಎಂಬುದೂ ಅಳತೆಗೋಲಾಗಬೇಕು. ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಅಗ್ನಿಶಾಮಕ ಇಲಾಖೆಯ ಜತೆಗೂಡಿ ಇಂಥದೊಂದು ಪಟ್ಟಿ ತಯಾರಿಸಲು ಹೊಸ ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ.

ಪಟ್ಟಿ ಏಕೆ ಬೇಕೆಂಬುದಕ್ಕೆ ಮತ್ತೆ ಕೊರಿಯಾದ್ದೇ ನಿದರ್ಶನ. ಹ್ವಾಸೊಂಗ್‌ನ ಅರಿಸೆಲ್ ಕಾರ್ಖಾನೆಯಲ್ಲಿ 2024ರ ಜೂನ್ 24ರಂದು 23 ಕಾರ್ಮಿಕರು ಸತ್ತರು. ಅಲ್ಲಿದ್ದದ್ದು ಮರುಚಾರ್ಜ್ ಮಾಡಲಾಗದ ಲಿಥಿಯಂ ಬ್ಯಾಟರಿಗಳು, ರಸಾಯನ ಬೇರೆ. ಆದರೆ ಸಂಗ್ರಹದ ಲೋಪ ಅದೇ. ಎರಡನೆಯ ಮಹಡಿಯಲ್ಲಿ ಸುಮಾರು 35 ಸಾವಿರ ಬ್ಯಾಟರಿಗಳನ್ನು ಒಂದೆಡೆ ಇಡಲಾಗಿತ್ತು. ಮೊದಲ ಹೊಗೆ ಕಂಡಾಗ ಕಾರ್ಮಿಕರು ಸಿಲಿಂಡರಿನಿಂದ ಆರಿಸಲು ಯತ್ನಿಸಿದರು. ಒಂದು ನಿಮಿಷ ಕಳೆಯುವುದರೊಳಗೆ ಕೋಣೆಯಿಡೀ ಹೊಗೆ ತುಂಬಿತು. ಸತ್ತವರಲ್ಲಿ 18 ಮಂದಿ ವಿದೇಶಿಯರು, ಬಹುತೇಕರು ಚೀನಾದಿಂದ ಬಂದವರು. 2025ರ ಸೆಪ್ಟೆಂಬರ್‌ನಲ್ಲಿ ಸುವೊನ್ ಜಿಲ್ಲಾ ನ್ಯಾಯಾಲಯ ಕಂಪನಿಯ ಮುಖ್ಯಸ್ಥರಿಗೆ 15 ವರ್ಷಗಳ ಸೆರೆವಾಸ ವಿಧಿಸಿತು.

ನಮ್ಮ ಉಗ್ರಾಣಗಳಲ್ಲಿ ಚೀನಾದವರ ಬದಲು ಬಿಹಾರ, ಒಡಿಶಾ, ಅಸ್ಸಾಂನಿಂದ ಬಂದವರಿದ್ದಾರೆ. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಸೂಚನೆ ಅವರಿಗೆ ಸೂಚನೆಯಲ್ಲ. ಗುತ್ತಿಗೆಯ ಕೆಲಸಗಾರ ಇಂದು ಬಂದು ನಾಳೆ ಇನ್ನೊಂದೆಡೆ ಹೋಗುವವನು, ಅವನಿಗೆ ತರಬೇತಿಯ ಖರ್ಚೇಕೆ ಎಂಬ ಲೆಕ್ಕಾಚಾರ ಮಾಲೀಕರದು. ಬ್ಯಾಟರಿ ಕೋಣೆಗೆ ಮೊದಲು ಕಾಲಿಡುವವನು ಮಾತ್ರ ಅವನೇ.

ಖರ್ಚಿನ ಮಾತು ಬಂದಾಗ ಹೇಳಲೇಬೇಕು, ಇವುಗಳಲ್ಲಿ ಬಹುಪಾಲು ದುಬಾರಿ ಕ್ರಮಗಳಲ್ಲ. ಅನಿಲ ಪತ್ತೆ ಯಂತ್ರ, ಸ್ಫೋಟದ ಒತ್ತಡ ಬಿಡುವ ಚಾವಣಿ ದುಬಾರಿ ಹೌದು. ಆದರೆ ಹಾನಿಯಾದ ಬ್ಯಾಟರಿಗಳಿಗೆ ಕಟ್ಟಡದಿಂದ ದೂರದಲ್ಲಿ ತಗಡಿನ ಸೂರೊಂದನ್ನು ಕಟ್ಟುವುದು, ಚಾರ್ಜಿಂಗ್ ಜಾಗದಿಂದ ರಟ್ಟು, ಥಿನ್ನರು, ಬಟ್ಟೆಯ ಸರಕನ್ನು ಸರಿಸುವುದು, ಆ ಜಾಗವನ್ನು ಹೊರದ್ವಾರದ ಪಕ್ಕದಿಂದ ತೆಗೆಯುವುದು, ಪ್ರತಿ ಬ್ಯಾಟರಿಯ ಮೇಲೆ ಅಳವಡಿಸಿದ ತಿಂಗಳು, ವರ್ಷ ಬರೆದು ಅವಧಿ ಮುಗಿದೊಡನೆ ಬದಲಿಸುವುದು, ರಾತ್ರಿ ಕಾವಲುಗಾರನಿಗೆ ಯಾರನ್ನು ಕರೆಯಬೇಕೆಂದು ಅವನ ಭಾಷೆಯಲ್ಲಿ ಹೇಳಿಕೊಡುವುದು ಇವಕ್ಕೆ ಲಕ್ಷಾಂತರ ರೂಪಾಯಿ ಬೇಡ. ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಒಮ್ಮೆ ಕರೆಸಿ, ಬ್ಯಾಟರಿಗಳು ಯಾವ ಮಹಡಿಯಲ್ಲಿವೆ, ಯಾವ ಬಗೆಯವು, ನೀರು ಎಲ್ಲಿಂದ ಸಿಗುತ್ತದೆ ಎಂದು ತೋರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು. ಅರಿಜೋನಾದ ಆ ಸಿಬ್ಬಂದಿಗೆ ಬಾಗಿಲಿನ ಹಿಂದೆ ಏನು ತುಂಬಿಕೊಂಡಿದೆ ಎಂದು ಹೇಳಬಲ್ಲ ಯಾವ ಯೋಜನೆಯೂ ಅಂದು ಸ್ಥಳದಲ್ಲಿರಲಿಲ್ಲ.